ನೀರಿನಿಂದ ಬಂದ ಕಾಮಾಲೆ, ರಕ್ತದಿಂದ ಬಂದ ಕಾಮಾಲೆ

ಕಾಮಾಲೆ ಸ್ವತಃ ಒಂದು ರೋಗವಲ್ಲ, ಯಕೃತ್ತು ತೊಂದರೆಯಲ್ಲಿದೆ ಎಂದು ತಿಳಿಸುವ ಲಕ್ಷಣ. ಹಳೆಯ ಕೆಂಪು ರಕ್ತಕಣಗಳು ಒಡೆದಾಗ ಬಿಲಿರುಬಿನ್ ಎಂಬ ಹಳದಿ ವಸ್ತು ಹುಟ್ಟುತ್ತದೆ. ಆರೋಗ್ಯವಂತ ಯಕೃತ್ತು ಅದನ್ನು ಪಿತ್ತದೊಂದಿಗೆ ಕರುಳಿಗೆ ಸಾಗಿಸಿ ಹೊರಹಾಕುತ್ತದೆ. ಯಕೃತ್ತಿಗೆ ಉರಿಯೂತವಾದಾಗ ಈ ಕೆಲಸ ನಿಲ್ಲುತ್ತದೆ, ಹಳದಿ ರಕ್ತದಲ್ಲೇ ಉಳಿದು ಮೊದಲು ಕಣ್ಣಿನ ಬಿಳಿಯಲ್ಲಿ, ಆಮೇಲೆ ಚರ್ಮದಲ್ಲಿ ಕಾಣಿಸಿಕೊಳ್ಳುತ್ತದೆ. ಈ ಉರಿಯೂತಕ್ಕೆ ಹೆಪಟೈಟಿಸ್ ಎಂದು ಹೆಸರು. ಮದ್ಯ, ಕೆಲವು ಔಷಧಿ, ವಿಷಗಳಿಂದಲೂ ಅದು ಬರಬಹುದು. ವೈರಸ್ಸಿನಿಂದ ಬರುವ ಹೆಪಟೈಟಿಸ್‌ಗೆ ಮುಖ್ಯವಾಗಿ ಐದು ವೈರಸ್‌ಗಳು ಕಾರಣ: ಎ, ಬಿ, ಸಿ, ಡಿ ಮತ್ತು ಇ. ಹೆಸರು ವರ್ಣಮಾಲೆಯ ಸಾಲಿನಲ್ಲಿದ್ದರೂ ಇವು ಒಂದೇ ಕುಟುಂಬದವಲ್ಲ. ಎ ಮತ್ತು ಇ ಮಲದಿಂದ ಕೆಟ್ಟ ನೀರು, ಆಹಾರದ ಮೂಲಕ ಬರುತ್ತವೆ. ಬಿ, ಸಿ, ಡಿ ರಕ್ತ, ಸೂಜಿ, ಲೈಂಗಿಕ ಸಂಪರ್ಕ ಹಾಗೂ ಹೆರಿಗೆಯ ಮೂಲಕ ಒಬ್ಬರಿಂದೊಬ್ಬರಿಗೆ ಹೋಗುತ್ತವೆ. ಇಷ್ಟನ್ನು ಬಿಡಿಸಿ ತಿಳಿಯಲು ವೈದ್ಯಲೋಕಕ್ಕೆ ನೂರು ವರ್ಷ ಹಿಡಿಯಿತು.

ಅದಕ್ಕೂ ಬಹಳ ಹಿಂದಿನಿಂದ ಈ ನಾಡಿನಲ್ಲಿ ಕಾಮಾಲೆಗೆ ಮದ್ದು ನಡೆದುಬಂದಿದೆ. ಚರಕಸಂಹಿತೆಯಲ್ಲಿ ಪಾಂಡುರೋಗದ ಜೊತೆಗೆ ಕಾಮಲಾ ರೋಗದ ಚಿಕಿತ್ಸೆಯೂ ಇದೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ, ಹಳೇ ಮೈಸೂರಿನ ಉಳಿದ ಕಡೆಗಳಂತೆಯೇ, ಕಾಮಾಲೆಗೆ ಮೊದಲು ನೆನಪಾಗುವುದು ನಾಟಿ ಔಷಧಿ ಕೊಡುವವರ ಮನೆ. ಮಳೆಗಾಲದಲ್ಲಿ ಹೊಲದ ಬದುವಿನಲ್ಲಿ, ಹಿತ್ತಲಲ್ಲಿ ಹುಟ್ಟುವ ನೆಲನೆಲ್ಲಿಯನ್ನು ಬೇರು ಸಮೇತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಬೆಳಗಿನ ಖಾಲಿ ಹೊಟ್ಟೆಗೆ ಕುಡಿಸುತ್ತಾರೆ. ಎಣ್ಣೆ, ಖಾರ, ಹುಳಿ, ಬಾಡು ಬಿಟ್ಟು ಪಥ್ಯ ಹಿಡಿಯಬೇಕು. ಎರಡು ಮೂರು ವಾರಗಳಲ್ಲಿ ಹೆಚ್ಚಿನವರ ಕಣ್ಣು ತಿಳಿಯಾಗುತ್ತದೆ. ಹಳದಿ ಇಳಿದದ್ದು ಸುಳ್ಳಲ್ಲ. ಆದರೆ ಎ ಮತ್ತು ಇ ವೈರಸ್‌ಗಳ ಕಾಮಾಲೆ ಬಹುಪಾಲು ಜನರಲ್ಲಿ ಔಷಧಿ ಇಲ್ಲದೆಯೂ ಕೆಲವು ವಾರಗಳಲ್ಲಿ ಇಳಿಯುತ್ತದೆ. ಬಿ ಮತ್ತು ಸಿ ಹಾಗಲ್ಲ. ಎಷ್ಟೋ ಸಲ ಅವು ಕಾಮಾಲೆಯನ್ನೇ ತೋರಿಸದೆ ಇಪ್ಪತ್ತು ಮೂವತ್ತು ವರ್ಷ ಯಕೃತ್ತಿನಲ್ಲಿ ಉಳಿದು, ಕೆಲವರಲ್ಲಿ ಸಿರೋಸಿಸ್ ಅಥವಾ ಕ್ಯಾನ್ಸರ್ ಆಗಿ ಹೊರಬೀಳುತ್ತವೆ. ಕಣ್ಣಿಗೆ ಕಂಡ ಕಾಮಾಲೆಯನ್ನು ಮಾತ್ರ ಎಣಿಸುವ ಲೆಕ್ಕದಲ್ಲಿ ಈ ಸಾವುಗಳು ಬರುವುದೇ ಇಲ್ಲ.

ಕಾಮಾಲೆ ಹರಡಲು ನೀರು, ರಕ್ತ ಎಂಬ ಎರಡು ದಾರಿಗಳಿವೆ ಎಂಬ ಮೊದಲ ಸುಳಿವು ಜರ್ಮನಿಯಿಂದ ಬಂತು. 1883ರಲ್ಲಿ ಬ್ರೆಮೆನ್ ನಗರದ ಹಡಗು ಕಟ್ಟುವ ಕಾರ್ಖಾನೆಯ 1,289 ಕೆಲಸಗಾರರಿಗೆ ಸಿಡುಬಿನ ವಿರುದ್ಧ ದೇವಿ ಹಾಕಲಾಯಿತು. ಆ ಲಸಿಕೆಯನ್ನು ಮನುಷ್ಯರ ದೇಹದಿಂದ ತೆಗೆದ ದ್ರವದಿಂದ ಮಾಡಿದ್ದರು. ಮುಂದಿನ ತಿಂಗಳುಗಳಲ್ಲಿ ಅವರಲ್ಲಿ 191 ಮಂದಿಗೆ ಕಾಮಾಲೆ ಬಂತು, ಬೇರೆ ಲಸಿಕೆ ಪಡೆದವರಿಗೆ ಬರಲಿಲ್ಲ. ವೈದ್ಯ ಲ್ಯೂರ್ಮನ್ ಇದನ್ನು ದಾಖಲಿಸಿದರೂ ಯಾರೂ ಅಷ್ಟಾಗಿ ಕಿವಿಗೊಡಲಿಲ್ಲ. 1942ರಲ್ಲಿ ಅದೇ ತಪ್ಪು ಬಹಳ ದೊಡ್ಡದಾಗಿ ಮರುಕಳಿಸಿತು. ಅಮೆರಿಕದ ಸೈನಿಕರಿಗೆ ಕೊಟ್ಟ ಹಳದಿ ಜ್ವರದ ಲಸಿಕೆಯಲ್ಲಿ ಮಾನವ ರಕ್ತದ ಸೀರಂ ಬೆರೆಸಲಾಗಿತ್ತು. ಸುಮಾರು 50,000 ಸೈನಿಕರು ಕಾಮಾಲೆ ಹಿಡಿದು ಮಲಗಿದರು. ಬ್ರಿಟಿಷ್ ವೈದ್ಯ ಮ್ಯಾಕ್‌ಕ್ಯಾಲಂ 1947ರಲ್ಲಿ ಊರಿನಿಂದೂರಿಗೆ ಹರಡುವ ಕಾಮಾಲೆಯನ್ನು ಹೆಪಟೈಟಿಸ್ ಎ ಎಂದೂ ರಕ್ತದಿಂದ ಬರುವುದನ್ನು ಹೆಪಟೈಟಿಸ್ ಬಿ ಎಂದೂ ಕರೆಯಲು ಸೂಚಿಸಿದರು. ಆಗ ಯಾರ ಕಣ್ಣಿಗೂ ಒಂದು ವೈರಸ್ಸೂ ಬಿದ್ದಿರಲಿಲ್ಲ. ಹೆಸರುಗಳು ಬಂದದ್ದು ರೋಗ ಹರಡುವ ಬಗೆಯಿಂದ ಮಾಡಿದ ಊಹೆಯ ಮೇಲೆ.

ಈ ಊಹೆಗೆ ದೊಡ್ಡ ಪರೀಕ್ಷೆ ಎದುರಾದದ್ದು ಭಾರತದಲ್ಲಿ. 1955ರ ಅಕ್ಟೋಬರಿನಲ್ಲಿ ಯಮುನೆಗೆ ಪ್ರವಾಹ ಬಂತು. ನೀರು ಇಳಿದಾಗ ನದಿ ತನ್ನ ಪಾತ್ರವನ್ನು ಸ್ವಲ್ಪ ಬದಲಿಸಿಕೊಂಡು, ದೆಹಲಿಗೆ ಕುಡಿಯುವ ನೀರೆತ್ತುವ ವಜೀರಾಬಾದ್ ಸ್ಥಾವರದಿಂದ ದೂರ ಸರಿದಿತ್ತು. ಊರಿನ ಕೊಳಚೆ ಹೊತ್ತು ತರುವ ನಜಫ್‌ಗಢ ನಾಲೆ ನದಿ ಸೇರುತ್ತಿದ್ದದ್ದು ಆ ಸ್ಥಾವರಕ್ಕಿಂತ ಕೆಳಗೆ. ಹಾಗಾಗಿ ಅದರಿಂದ ಕುಡಿಯುವ ನೀರಿಗೆ ಅಪಾಯವಿಲ್ಲವೆಂದೇ ಎಲ್ಲರ ಎಣಿಕೆ. ನದಿ ಸರಿದು ಮಟ್ಟ ಇಳಿದಾಗ ನಾಲೆಯ ನೀರು ಹಿಮ್ಮುಖವಾಗಿ ಹರಿದು ನೀರೆತ್ತುವ ಜಾಗವನ್ನೇ ಸೇರತೊಡಗಿತು. ನವೆಂಬರ್ ಎರಡನೇ ವಾರದಲ್ಲಿ ಇದು ಎಂಜಿನಿಯರುಗಳ ಗಮನಕ್ಕೆ ಬಂತು. ಒಡ್ಡು ಹಾಕಿ ಕೊಳಚೆ ತಡೆಯಲು ಯತ್ನಿಸಿದರು, ಪಟಿಕವನ್ನೂ ಕ್ಲೋರಿನ್ನನ್ನೂ ಹೆಚ್ಚಿಸಿದರು. ಕೈಗೆ ಸಿಕ್ಕ ಉಪಾಯವನ್ನೆಲ್ಲ ಅವರು ಮಾಡಿದರು ಎಂದೇ ಹೇಳಬೇಕು. ಊರಿನಲ್ಲಿ ಟೈಫಾಯಿಡ್ ಹೆಚ್ಚಲಿಲ್ಲ, ಆಮಶಂಕೆಯೂ ಹೆಚ್ಚಲಿಲ್ಲ. ಕಂಟಕ ಕಳೆಯಿತು ಎಂದು ನಂಬಲು ಕಾರಣವಿತ್ತು.

ಡಿಸೆಂಬರ್ ಮೊದಲ ವಾರದಲ್ಲಿ ಕಾಮಾಲೆ ಶುರುವಾಯಿತು. ನೀರು ಕೆಟ್ಟ ದಿನಕ್ಕೂ ಕಣ್ಣು ಹಳದಿಯಾದ ದಿನಕ್ಕೂ ನಡುವೆ ವಾರಗಳ ಅಂತರ. ಈ ವೈರಸ್ ದೇಹ ಹೊಕ್ಕು ಲಕ್ಷಣ ತೋರಲು ಸರಾಸರಿ ಐದಾರು ವಾರ ಬೇಕು. ಜನವರಿ ಮುಗಿಯುವಷ್ಟರಲ್ಲಿ ದೆಹಲಿಯಲ್ಲಿ 29,300 ಮಂದಿಗೆ ಕಾಮಾಲೆಯಾಗಿತ್ತು. ಬ್ಯಾಕ್ಟೀರಿಯಾಗಳನ್ನು ಕೊಂದ ಕ್ಲೋರಿನ್ ಈ ವೈರಸ್ಸನ್ನು ಕೊಲ್ಲಲಿಲ್ಲ. ಕೊಳೆ ತುಂಬಿದ ನೀರಿಗೆ ಎಷ್ಟು ಕ್ಲೋರಿನ್ ಸುರಿದರೂ ಅದರ ಬಹುಪಾಲು ಆ ಕೊಳೆಯ ಜೊತೆಗೇ ವ್ಯಯವಾಗುತ್ತದೆ. ಆರ್. ವಿಶ್ವನಾಥನ್ ಮತ್ತು ಸಂಗಡಿಗರು ಮನೆಮನೆ ಸಮೀಕ್ಷೆ ಮಾಡಿ 1957ರಲ್ಲಿ ಪ್ರಕಟಿಸಿದ ವರದಿ, ನೀರಿನಿಂದ ಹರಡಿದ ರೋಗವೊಂದರ ಅಧ್ಯಯನವಾಗಿ ಇಂದಿಗೂ ವೈದ್ಯಕೀಯ ಪಾಠಗಳಲ್ಲಿ ಬರುತ್ತದೆ. ಅದರಲ್ಲಿ ಎರಡು ಸಂಗತಿ ಒಗಟಾಗಿ ಉಳಿದವು. ಸಾಮಾನ್ಯವಾಗಿ ಹೆಪಟೈಟಿಸ್ ಎ ಮಕ್ಕಳ ರೋಗ, ಇಲ್ಲಿ ಮಲಗಿದವರು ಹೆಚ್ಚಾಗಿ ಪ್ರಾಯದವರು. ಎರಡನೆಯದು, ಗರ್ಭಿಣಿಯರಲ್ಲಿ ರೋಗ ಮಿಕ್ಕವರಿಗಿಂತ ಬಹಳ ಉಗ್ರವಾಗಿತ್ತು. ಆದರೂ ಅಂದು ಗೊತ್ತಿದ್ದ ಹೆಸರು ಒಂದೇ. ದೆಹಲಿಯದು ಹೆಪಟೈಟಿಸ್ ಎ ಎಂದೇ ದಾಖಲಾಯಿತು.

ಆ ದಾಖಲೆ ಇಪ್ಪತ್ತೈದು ವರ್ಷ ನಿಂತಿತು. ನಡುವೆ ನ್ಯೂಯಾರ್ಕಿನ ವಿಲೋಬ್ರೂಕ್ ಎಂಬ, ಬುದ್ಧಿಮಾಂದ್ಯ ಮಕ್ಕಳ ಆಶ್ರಯಧಾಮದಲ್ಲಿ ಸಾಲ್ ಕ್ರುಗ್‌ಮನ್ ಮಕ್ಕಳಿಗೆ ಉದ್ದೇಶಪೂರ್ವಕವಾಗಿ ಸೋಂಕು ತಗುಲಿಸಿ, ಎ ಮತ್ತು ಬಿ ಎರಡೂ ಬೇರೆ ರೋಗಗಳೆಂದು 1967ರಲ್ಲಿ ತೋರಿಸಿದರು. ಅದರಿಂದ ವಿಜ್ಞಾನಕ್ಕೆ ಲಾಭವಾಯಿತು. ಅಲ್ಲಿ ಸೋಂಕು ಹೇಗೂ ತಪ್ಪುತ್ತಿರಲಿಲ್ಲ ಎಂಬುದು ಅವರ ಸಮರ್ಥನೆಯಾಗಿತ್ತು. ತಮ್ಮ ಪರವಾಗಿ ಮಾತಾಡಲಾರದ ಮಕ್ಕಳ ಮೇಲೆ ನಡೆದ ಆ ಪ್ರಯೋಗವನ್ನು ಯಾವ ಸಮರ್ಥನೆಯೂ ಸರಿಮಾಡಲಾರದು. 1973ರಲ್ಲಿ ಸ್ಟೀಫನ್ ಫೀನ್‌ಸ್ಟೋನ್ ಮತ್ತು ಸಂಗಡಿಗರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಎ ವೈರಸ್ಸನ್ನು ಕಂಡರು. ಅದನ್ನು ರಕ್ತದಲ್ಲಿ ಗುರುತಿಸುವ ಪರೀಕ್ಷೆಯೂ ಬಂತು. ಈಗ ಹಳೆಯ ದಾಖಲೆಗಳನ್ನು ಪರೀಕ್ಷೆಗೆ ಒಡ್ಡಬಹುದಿತ್ತು.

ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆಯ ಖುರ್ಷೀದ್ ಪಾವ್ರಿ ಮತ್ತು ಸಹೋದ್ಯೋಗಿಗಳು ಅಮೆರಿಕದ ವಿಜ್ಞಾನಿಗಳೊಂದಿಗೆ ಸೇರಿ ಆ ಕೆಲಸ ಮಾಡಿದರು. ದೆಹಲಿಯ ರೋಗಿಗಳಿಂದ ಅಂದು ತೆಗೆದಿಟ್ಟಿದ್ದ ಸೀರಂ ಮಾದರಿಗಳನ್ನು ಪರೀಕ್ಷಿಸಿ 1980ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಸ್ಪಷ್ಟವಾಗಿತ್ತು: ದೆಹಲಿಯದು ಎ ಅಲ್ಲ, ಬಿ ಕೂಡ ಅಲ್ಲ. ಅದೇ ವರ್ಷ ಮೊಹಮ್ಮದ್ ಸುಲ್ತಾನ್ ಖುರೂ ಕಾಶ್ಮೀರದ ಅನುಭವವನ್ನು ಪ್ರಕಟಿಸಿದರು. 1978ರ ಚಳಿಗಾಲದಲ್ಲಿ ಕಣಿವೆಯ ನೂರಾರು ಹಳ್ಳಿಗಳಲ್ಲಿ ಕಾಮಾಲೆ ಎದ್ದಿತ್ತು. ಸುಮಾರು 52,000 ಜನ ಹಾಸಿಗೆ ಹಿಡಿದರು, 1,700ರಷ್ಟು ಮಂದಿ ಸತ್ತರು ಎಂಬುದು ಅವರ ಅಂದಾಜು. ಹಳ್ಳಿಗಳಲ್ಲಿ ಸೋಂಕು ತಗುಲಿದ ಗರ್ಭಿಣಿಯರನ್ನು ಲೆಕ್ಕಹಾಕಿದಾಗ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿಯ ಯಕೃತ್ತು ಪೂರ್ತಿ ಸೋತಿತ್ತು. ದೆಹಲಿಯ ಒಗಟು ಅಲ್ಲೂ ಕಾಣಿಸಿಕೊಂಡಿತ್ತು. 1983ರಲ್ಲಿ ರಷ್ಯದ ವಿಜ್ಞಾನಿ ಮಿಖಾಯಿಲ್ ಬಲಯಾನ್, ಅಫ್ಘಾನಿಸ್ತಾನದಲ್ಲಿ ಕಾಯಿಲೆ ಬಿದ್ದಿದ್ದ ಸೈನಿಕರ ಮಲದ ಸಾರವನ್ನು ತಾವೇ ಕುಡಿದು, ಕಾಮಾಲೆ ಬರಿಸಿಕೊಂಡು, ತಮ್ಮ ಮಲದಲ್ಲಿ ಹೊಸ ವೈರಸ್ಸನ್ನು ಕಂಡರು. 1990ರಲ್ಲಿ ಅದರ ವಂಶವಾಹಿಯ ಓದು ಸಾಧ್ಯವಾದಾಗ ಹೆಪಟೈಟಿಸ್ ಇ ಎಂಬ ಹೆಸರು ಗಟ್ಟಿಯಾಯಿತು. ಮೂರನೇ ತ್ರೈಮಾಸಿಕದ ಗರ್ಭಿಣಿಯರಿಗೆ ಈ ವೈರಸ್ ಏಕೆ ಇಷ್ಟು ಮಾರಕ ಎಂಬ ಪ್ರಶ್ನೆಗೆ ಸಂಶೋಧಕರಲ್ಲಿ ಇನ್ನೂ ಒಮ್ಮತವಿಲ್ಲ. ಹಾರ್ಮೋನಿನ ಬದಲಾವಣೆ ಎನ್ನುವವರಿದ್ದಾರೆ, ರೋಗನಿರೋಧಕ ಶಕ್ತಿಯ ಏರುಪೇರು ಎನ್ನುವವರಿದ್ದಾರೆ, ಪೌಷ್ಟಿಕಾಂಶದ ಕೊರತೆಯನ್ನು ಹೇಳುವವರೂ ಇದ್ದಾರೆ.

ದೆಹಲಿಯ ಪಾಠ ಅರ್ಕಾವತಿ ದಡದವರಿಗೆ ದೂರದ್ದಲ್ಲ. ನಂದಿಬೆಟ್ಟದ ಕಡೆಯಿಂದ ಇಳಿಯುವ ಅರ್ಕಾವತಿ ಹೆಸರಘಟ್ಟ ಕೆರೆ ದಾಟಿ ಮಾಗಡಿ ರಸ್ತೆಯ ತಿಪ್ಪಗೊಂಡನಹಳ್ಳಿಗೆ, ಅಲ್ಲಿಂದ ಮಂಚನಬೆಲೆ, ರಾಮನಗರ, ಕನಕಪುರ ಹಾದು ಸಂಗಮದಲ್ಲಿ ಕಾವೇರಿಗೆ ಸೇರುತ್ತದೆ. ಹೆಸರಘಟ್ಟದಿಂದ 1890ರ ದಶಕದಿಂದಲೂ ತಿಪ್ಪಗೊಂಡನಹಳ್ಳಿಯಿಂದ 1933ರಿಂದಲೂ ಬೆಂಗಳೂರು ಕುಡಿಯುವ ನೀರು ಪಡೆದಿತ್ತು. ಆಮೇಲೆ ಅದೇ ಬೆಂಗಳೂರು ತನ್ನ ಕೊಳಚೆಯನ್ನು ಈ ಕಡೆಗೆ ಹರಿಯಬಿಟ್ಟಿತು. ನಗರದ ನಡುವೆ ಹುಟ್ಟುವ ವೃಷಭಾವತಿ ಇಂದು ಒಂದು ದೊಡ್ಡ ಚರಂಡಿ. ಅದು ಬಿಡದಿ ಬಳಿಯ ಬೈರಮಂಗಲ ಕೆರೆ ತುಂಬಿ, ಮುಂದೆ ಅರ್ಕಾವತಿಯನ್ನು ಕೂಡಿಕೊಳ್ಳುತ್ತದೆ. ಬೇಸಾಯಕ್ಕೆಂದು 1940ರ ದಶಕದಲ್ಲಿ ಕಟ್ಟಿದ ಆ ಕೆರೆಯ ಅಚ್ಚುಕಟ್ಟಿನಲ್ಲಿ ನೊರೆ ತುಂಬಿದ ನೀರೇ ಕಾಲುವೆಯಲ್ಲಿ ಹರಿಯುತ್ತದೆ. ಅದರಲ್ಲಿ ಹುಲ್ಲು, ಜೋಳ, ಸೊಪ್ಪು ತರಕಾರಿ ಬೆಳೆಯುವ ರೈತರು ದಿನವಿಡೀ ಬರಿಗಾಲಲ್ಲಿ ನಿಲ್ಲುತ್ತಾರೆ. ಕುಡಿಯಲು ಅವರು ನಂಬಿರುವುದು ಕೊಳವೆಬಾವಿ ಇಲ್ಲವೇ ಪಂಚಾಯಿತಿಯ ಓವರ್‌ಹೆಡ್ ಟ್ಯಾಂಕು. ಕೊಳಚೆಯನ್ನೂ ಕುಡಿಯುವ ನೀರನ್ನೂ ಬೇರೆಯಾಗಿಡುವ ಗೆರೆ ಎಷ್ಟು ತೆಳುವೆಂಬುದನ್ನು ವಜೀರಾಬಾದ್ ತೋರಿಸಿತ್ತು. ಚರಂಡಿಯ ಪಕ್ಕ ಹಾದುಹೋಗುವ ಪೈಪು ಒಡೆದಿದ್ದರೆ, ನೀರು ಬಿಡದ ಹೊತ್ತಿನಲ್ಲಿ ಒತ್ತಡವಿಲ್ಲದ ಆ ಪೈಪು ಹೊರಗಿನ ಹೊಲಸನ್ನು ಒಳಗೆಳೆದುಕೊಳ್ಳುತ್ತದೆ. ಹೆಪಟೈಟಿಸ್ ಇ ಎದ್ದ ಎಷ್ಟೋ ಊರುಗಳ ಕಥೆ ಇಷ್ಟೇ. ಇಂಥ ಕಡೆ ಬ್ಲೀಚಿಂಗ್ ಪೌಡರ್ ಹಾಕುವ ನೀರಗಂಟಿಯ ಕೆಲಸ ಆಸ್ಪತ್ರೆಯ ಕೆಲಸದಷ್ಟೇ ಮುಖ್ಯ, ಪೈಪು ಸರಿಮಾಡುವುದು ಅದಕ್ಕಿಂತಲೂ ಮುಖ್ಯ. ನೀರನ್ನು ಕುದಿಸಿದರೆ ಎ ಮತ್ತು ಇ ಎರಡೂ ವೈರಸ್‌ಗಳು ಸಾಯುತ್ತವೆ.

ರಕ್ತದ ದಾರಿಯ ಕಥೆ ಆಕಸ್ಮಿಕವಾಗಿ ತೆರೆದುಕೊಂಡಿತು. ಅಮೆರಿಕದ ಬರೂಕ್ ಬ್ಲಂಬರ್ಗ್ ಕಾಮಾಲೆಯ ವೈರಸ್ ಹುಡುಕುತ್ತಿರಲಿಲ್ಲ. ಬೇರೆ ಬೇರೆ ಜನಾಂಗಗಳ ರಕ್ತದ ಪ್ರೊಟೀನುಗಳಲ್ಲಿ ಏನು ವ್ಯತ್ಯಾಸವೆಂದು ನೋಡುತ್ತಿದ್ದರು. 1963ರಲ್ಲಿ ಆಸ್ಟ್ರೇಲಿಯಾದ ಆದಿವಾಸಿಯೊಬ್ಬರ ರಕ್ತದಲ್ಲಿ ಅಪರಿಚಿತ ವಸ್ತುವೊಂದು ಸಿಕ್ಕಿತು. ಅದು ಹೆಪಟೈಟಿಸ್ ಬಿ ವೈರಸ್ಸಿನ ಹೊರಕವಚ ಎಂದು ಮುಂದಿನ ಕೆಲವು ವರ್ಷಗಳಲ್ಲಿ ಖಚಿತವಾಯಿತು. 1976ರಲ್ಲಿ ಅವರಿಗೆ ನೊಬೆಲ್ ಬಂತು. ಇಂದಿಗೂ ಬಿ ಸೋಂಕನ್ನು ಗುರುತಿಸುವುದು ಅದೇ ವಸ್ತುವಿನ ಪರೀಕ್ಷೆಯಿಂದ. ಇಟಲಿಯ ಮಾರಿಯೊ ರಿಝೆಟ್ಟೊ 1977ರಲ್ಲಿ ಕಂಡ ಡಿ ವೈರಸ್ ಒಂಟಿಯಾಗಿ ಬದುಕಲಾರದು, ಬಿ ಇರುವವರಲ್ಲಿ ಮಾತ್ರ ನೆಲೆಸುತ್ತದೆ. ಬಿ ತಡೆದರೆ ಡಿ ಕೂಡ ತಡೆದಂತೆಯೇ.

ರಕ್ತದಿಂದ ಹರಡುವ ಇನ್ನೊಂದು ಕಾಮಾಲೆ ಉಳಿದೇ ಇತ್ತು. ಎ ಅಲ್ಲದ, ಬಿ ಅಲ್ಲದ ಹೆಪಟೈಟಿಸ್ ಎಂದೇ ಹದಿನಾಲ್ಕು ವರ್ಷ ಅದನ್ನು ಕರೆದರು. 1989ರಲ್ಲಿ ಮೈಕೆಲ್ ಹೌಟನ್ ತಂಡ ಸಿ ವೈರಸ್ಸನ್ನು ಅದರ ವಂಶವಾಹಿಯ ತುಣುಕಿನಿಂದ ಗುರುತಿಸಿತು. ಹೌಟನ್, ಹಾರ್ವೆ ಆಲ್ಟರ್, ಚಾರ್ಲ್ಸ್ ರೈಸ್ ಅವರಿಗೆ 2020ರ ನೊಬೆಲ್ ಸಂದಿತು. ಭಾರತದಲ್ಲಿ ಹಣಕ್ಕೆ ರಕ್ತ ಕೊಡುವವರ ವ್ಯವಹಾರಕ್ಕೆ ಸುಪ್ರೀಂ ಕೋರ್ಟಿನ 1996ರ ತೀರ್ಪಿನ ಬಳಿಕ, 1998ರ ಜನವರಿ 1ರಿಂದ ತೆರೆಬಿತ್ತು. ದಾನದ ರಕ್ತದಲ್ಲಿ ಸಿ ಪರೀಕ್ಷೆ ಕಡ್ಡಾಯವಾದದ್ದು 2001ರಲ್ಲಿ. ಅಂದರೆ ಅದಕ್ಕೆ ಮೊದಲು ಹೆರಿಗೆಗೋ ಶಸ್ತ್ರಚಿಕಿತ್ಸೆಗೋ ರಕ್ತ ಹಾಕಿಸಿಕೊಂಡವರಿಗೆ ಈ ರಕ್ಷಣೆ ಇರಲಿಲ್ಲ. ಹಳ್ಳಿಗಳಲ್ಲಿ ಸೂಜಿಯ ಕಥೆ ಇನ್ನೂ ಹಳೆಯದು. ಪಂಪ್ ಸ್ಟೌವಿನ ಮೇಲೆ ಸ್ಟೀಲಿನ ಡಬ್ಬಿಯಲ್ಲಿ ಗಾಜಿನ ಸಿರಿಂಜು, ಸೂಜಿ ಹಾಕಿ ನೀರು ಕುದಿಸುತ್ತಿದ್ದ ಕಾಲವದು. ಕ್ಯೂ ಉದ್ದವಾದ ದಿನ ಕುದಿಯುವ ಹೊತ್ತು ಕಡಿಮೆಯಾಗುತ್ತಿತ್ತು. ಜ್ವರಕ್ಕೆ ಮಾತ್ರೆಗಿಂತ ಇಂಜೆಕ್ಷನ್ನೇ ಒಳ್ಳೆಯದೆಂಬ ನಂಬಿಕೆ ಬೇರೆ ಇತ್ತು. ಒಂದೇ ಸೂಜಿಯಿಂದ ಸಾಲಾಗಿ ಹಚ್ಚೆ ಹಾಕಿಸಿಕೊಳ್ಳುವುದು, ಬ್ಲೇಡು ಬದಲಿಸದೆ ಕ್ಷೌರ ಮಾಡುವುದು ಇವೂ ಇದೇ ದಾರಿಗಳು. ಬಿಸಾಡುವ ಸಿರಿಂಜು ಬಂದ ಮೇಲೂ ಅಪಾಯ ಪೂರ್ತಿ ತಪ್ಪಲಿಲ್ಲ. 2009ರಲ್ಲಿ ಗುಜರಾತಿನ ಮೊಡಾಸಾದಲ್ಲಿ, ಒಮ್ಮೆ ಬಳಸಿದ ಸಿರಿಂಜುಗಳನ್ನು ಮತ್ತೆ ಬಳಸಿದ್ದರಿಂದ ಹೆಪಟೈಟಿಸ್ ಬಿ ಹರಡಿ ಹಲವಾರು ಮಂದಿ ಸತ್ತರು.

ನೆಲನೆಲ್ಲಿಯ ಪ್ರಶ್ನೆ ಮತ್ತೆ ಎದುರಾದದ್ದು ಇದೇ ಬಿ ವೈರಸ್ಸಿನ ವಿಷಯದಲ್ಲಿ. ಮದರಾಸು ವಿಶ್ವವಿದ್ಯಾಲಯದ ಎಸ್.ಪಿ. ತ್ಯಾಗರಾಜನ್ ಮತ್ತು ಸಂಗಡಿಗರು, ಸ್ವತಃ ಬ್ಲಂಬರ್ಗ್ ಅವರ ಸಹಯೋಗದಲ್ಲಿ, ಬಿ ವಾಹಕರಿಗೆ ಒಣಗಿಸಿ ಪುಡಿಮಾಡಿದ ನೆಲನೆಲ್ಲಿಯನ್ನು ಮೂವತ್ತು ದಿನ ಕೊಟ್ಟು ನೋಡಿದರು. 1988ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶ ಲೋಕದ ಗಮನ ಸೆಳೆಯಿತು. ಪುಡಿ ತಿಂದ 37 ಜನರಲ್ಲಿ 22 ಮಂದಿಯ ರಕ್ತದಿಂದ ವೈರಸ್ಸಿನ ಗುರುತು ಮಾಯವಾಗಿತ್ತು. ಬರೀ ಹುಸಿಮಾತ್ರೆ ಪಡೆದ 23 ಜನರಲ್ಲಿ ಒಬ್ಬರದು ಮಾತ್ರ ಹಾಗಾಗಿತ್ತು. ನಾಟಿ ಔಷಧಿಗೆ ಇಷ್ಟು ಗೌರವದ ಪರೀಕ್ಷೆ ಹಿಂದೆ ಸಿಕ್ಕಿದ್ದು ಅಪರೂಪ. ಆದರೆ ಥಾಯ್ಲೆಂಡ್ ಮೊದಲಾದ ಕಡೆ ಅದೇ ಪ್ರಯೋಗ ಮಾಡಿದವರಿಗೆ ಆ ಫಲ ಸಿಗಲಿಲ್ಲ. ಗಿಡದ ಜಾತಿ ಬೇರೆ, ಬೆಳೆದ ಮಣ್ಣು ಬೇರೆ, ಕೊಟ್ಟ ಪ್ರಮಾಣ ಬೇರೆ ಎಂದು ಒಂದು ಪಕ್ಷ ವಾದಿಸಿತು. ಮೊದಲ ಪ್ರಯೋಗ ಚಿಕ್ಕದು, ರೋಗಿಗಳನ್ನು ಬಹುಕಾಲ ಗಮನಿಸಿರಲಿಲ್ಲ ಎಂದು ಇನ್ನೊಂದು ಪಕ್ಷ. ಇಷ್ಟು ವರ್ಷಗಳ ನಂತರವೂ ಬಿ ಸೋಂಕಿಗೆ ನೆಲನೆಲ್ಲಿ ಚಿಕಿತ್ಸೆಯೆಂದು ಸಾಬೀತಾಗಿಲ್ಲ. ಬಿ ಇರುವವರು ಅದನ್ನೇ ನಂಬಿ ತಪಾಸಣೆ ಬಿಟ್ಟರೆ, ಕಳೆದುಕೊಳ್ಳುವುದು ಯಕೃತ್ತನ್ನು ಉಳಿಸಿಕೊಳ್ಳಬಹುದಾದ ವರ್ಷಗಳನ್ನು.

ಬಿ ವಿರುದ್ಧ ನಿಜವಾದ ತಿರುವು ತಂದದ್ದು ಲಸಿಕೆ. ಮೊದಲ ಲಸಿಕೆ 1981ರಲ್ಲಿ, ಯೀಸ್ಟ್ ಕೋಶಗಳಲ್ಲಿ ತಯಾರಿಸಿದ್ದು 1986ರಲ್ಲಿ ಬಂತು. ಆಮದಾಗುತ್ತಿದ್ದ ಅದು ಭಾರತದ ಸಾಮಾನ್ಯ ಸಂಸಾರದ ಕೈಗೆಟುಕುತ್ತಿರಲಿಲ್ಲ. ಹೈದರಾಬಾದಿನಲ್ಲಿ ವರಪ್ರಸಾದ ರೆಡ್ಡಿ ಕಟ್ಟಿದ ಶಾಂತಾ ಬಯೋಟೆಕ್ನಿಕ್ಸ್ 1997ರಲ್ಲಿ ದೇಶೀ ಲಸಿಕೆ ಶಾನ್‌ವ್ಯಾಕ್‌-ಬಿ ಹೊರತಂದ ಮೇಲೆ ಬೆಲೆ ತೀವ್ರವಾಗಿ ಕುಸಿಯಿತು. ಸರ್ಕಾರಿ ಲಸಿಕಾ ಕಾರ್ಯಕ್ರಮಕ್ಕೆ ಅದು ಮೊದಲು ಕೆಲವು ನಗರ, ಜಿಲ್ಲೆಗಳಲ್ಲಿ ಬಂದು, 2007-08ರಲ್ಲಿ ಕರ್ನಾಟಕವೂ ಸೇರಿದಂತೆ ಹತ್ತು ರಾಜ್ಯಗಳಿಗೆ, 2011ರಲ್ಲಿ ಇಡೀ ದೇಶಕ್ಕೆ ವಿಸ್ತರಿಸಿತು. ಬೆಂಗಳೂರು ಗ್ರಾಮಾಂತರದಿಂದ ಬೇರೆಯಾಗಿ ರಾಮನಗರ ಜಿಲ್ಲೆ ಹುಟ್ಟಿದ್ದೂ 2007ರಲ್ಲೇ. 2025ರಿಂದ ಅದರ ಹೆಸರು ಬೆಂಗಳೂರು ದಕ್ಷಿಣ ಜಿಲ್ಲೆ. ಈಗ ಇಲ್ಲಿ ಹುಟ್ಟುವ ಮಗುವಿಗೆ 24 ಗಂಟೆಯೊಳಗೆ ಒಂದು ಡೋಸು, ಆಮೇಲೆ 6, 10, 14ನೇ ವಾರಗಳಲ್ಲಿ ಐದು ರೋಗಗಳ ವಿರುದ್ಧದ ಪೆಂಟಾವೇಲೆಂಟ್ ಲಸಿಕೆಯ ಜೊತೆಗೆ ಉಳಿದವು. ಆ ಮೊದಲ 24 ಗಂಟೆಗೆ ಕಾರಣವಿದೆ. ಹೆರಿಗೆಯ ವೇಳೆ ತಾಯಿಯಿಂದ ಸೋಂಕು ಪಡೆದ ಕೂಸುಗಳಲ್ಲಿ ಹತ್ತಕ್ಕೆ ಒಂಬತ್ತರಲ್ಲಿ ಅದು ಜೀವನಪೂರ್ತಿ ಉಳಿಯುತ್ತದೆ. ದೊಡ್ಡವರಾದ ಮೇಲೆ ತಗುಲಿದರೆ ಹಾಗೆ ಉಳಿಯುವುದು ನೂರರಲ್ಲಿ ಐದಕ್ಕಿಂತ ಕಡಿಮೆ ಜನರಲ್ಲಿ.

ಸಿ ವೈರಸ್ಸಿಗೆ ಲಸಿಕೆ ಇನ್ನೂ ಇಲ್ಲ, ಆದರೆ ಮಾತ್ರೆ ಇದೆ. ಸೊಫೊಸ್ಬುವಿರ್ ಮತ್ತು ಅದರ ಜೊತೆಯ ಔಷಧಿಗಳನ್ನು ಸಾಮಾನ್ಯವಾಗಿ ಹನ್ನೆರಡು ವಾರ ನುಂಗಿದರೆ ನೂರಕ್ಕೆ ತೊಂಬತ್ತೈದರಷ್ಟು ಜನ ಪೂರ್ತಿ ಗುಣವಾಗುತ್ತಾರೆ. ಅಮೆರಿಕದಲ್ಲಿ ಮಾತ್ರೆಯೊಂದಕ್ಕೆ ಸಾವಿರ ಡಾಲರ್ ಇದ್ದ ಈ ಔಷಧಿಯನ್ನು 2015ರಿಂದ ಭಾರತದ ಕಂಪನಿಗಳೇ ಅಗ್ಗವಾಗಿ ತಯಾರಿಸಿದವು. ಬಿ ಸೋಂಕನ್ನು ಪೂರ್ತಿ ಕಿತ್ತುಹಾಕುವ ಔಷಧಿ ಇಲ್ಲದಿದ್ದರೂ ದಿನಕ್ಕೊಂದು ಮಾತ್ರೆ ಅದನ್ನು ಹತೋಟಿಯಲ್ಲಿ ಇಡುತ್ತದೆ. ಬ್ಲಂಬರ್ಗ್ ಹುಟ್ಟಿದ ದಿನವಾದ ಜುಲೈ 28 ವಿಶ್ವ ಹೆಪಟೈಟಿಸ್ ದಿನ. 2018ರ ಅದೇ ದಿನ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಬಿ, ಸಿ ಎರಡರ ಪರೀಕ್ಷೆಯೂ ಔಷಧಿಯೂ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. 2022ರಲ್ಲಿ ಭಾರತದಲ್ಲಿ 2.98 ಕೋಟಿ ಜನ ಬಿ ಸೋಂಕಿನಿಂದಲೂ 55 ಲಕ್ಷ ಜನ ಸಿ ಸೋಂಕಿನಿಂದಲೂ ಬದುಕುತ್ತಿದ್ದರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದೆ. ಅವರಲ್ಲಿ ಹೆಚ್ಚಿನವರಿಗೆ ತಮಗೆ ಸೋಂಕಿರುವುದೇ ಗೊತ್ತಿಲ್ಲ.

ನೀರಿನ ದಾರಿಯಲ್ಲೂ ಚಿತ್ರ ಬದಲಾಗುತ್ತಿದೆ. ಹಿಂದೆ ಎ ಸೋಂಕು ಚಿಕ್ಕಂದಿನಲ್ಲೇ ತಗುಲಿ, ಲಕ್ಷಣವೂ ತೋರದೆ ಹೋಗಿ, ಜೀವಮಾನದ ರಕ್ಷಣೆ ಕೊಡುತ್ತಿತ್ತು. ಶೌಚಾಲಯ, ಶುದ್ಧ ನೀರು ಬಂದಂತೆ ಮಕ್ಕಳಿಗೆ ಸೋಂಕು ತಪ್ಪುತ್ತಿದೆ. ಹಾಗೆ ಬೆಳೆದವರಿಗೆ ಇಪ್ಪತ್ತು ಮೂವತ್ತರ ಪ್ರಾಯದಲ್ಲಿ ಅದೇ ವೈರಸ್ ತಗುಲಿದಾಗ ಕಾಯಿಲೆ ಉಗ್ರವಾಗಿರುತ್ತದೆ. 2024ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಹೆಪಟೈಟಿಸ್ ಎ ಸಾವುಗಳನ್ನೇ ತಂದಿತು. ಬಿಡದಿ, ಹಾರೋಹಳ್ಳಿಯ ಕೈಗಾರಿಕಾ ಪ್ರದೇಶಗಳಲ್ಲಿ ದುಡಿಯುವ ಯುವಜನ, ಕ್ಯಾಂಟೀನು ಮತ್ತು ಟ್ಯಾಂಕರ್ ನೀರನ್ನು ನಂಬಿರುವವರು, ಜಾತ್ರೆಯ ಪಾನಕ ಮಜ್ಜಿಗೆಗೆ ನೀರು ತರಿಸುವವರು ಇದನ್ನು ಗಮನದಲ್ಲಿ ಇಟ್ಟುಕೊಳ್ಳಬೇಕು. ಕಣ್ಣು ಹಳದಿಯಾದ ಗರ್ಭಿಣಿಯನ್ನು ಮದ್ದಿಗೆಂದು ಬೇರೆಲ್ಲೂ ಕರೆದೊಯ್ಯದೆ ಅದೇ ದಿನ ಆಸ್ಪತ್ರೆಗೆ ಸೇರಿಸಬೇಕು.

2007ಕ್ಕೆ ಮೊದಲು ಹುಟ್ಟಿದವರಲ್ಲಿ ಖಾಸಗಿಯಾಗಿ ಹಣ ತೆತ್ತು ಹಾಕಿಸಿಕೊಂಡವರನ್ನು ಬಿಟ್ಟರೆ ಹೆಚ್ಚಿನವರಿಗೆ ಹೆಪಟೈಟಿಸ್ ಬಿ ಲಸಿಕೆ ಸಿಕ್ಕಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಈಗ ಮನೆ ನಡೆಸುತ್ತಿರುವವರೆಲ್ಲ ಹೆಚ್ಚುಕಡಿಮೆ ಆ ಪೀಳಿಗೆಯವರೇ. ಕಾಮಾಲೆ ಬಂದಿರಲಿ, ಬರದಿರಲಿ, ಅವರು ಹತ್ತಿರದ ಸರ್ಕಾರಿ ಆಸ್ಪತ್ರೆಯಲ್ಲಿ ಒಮ್ಮೆ ಬಿ ಮತ್ತು ಸಿ ಪರೀಕ್ಷೆ ಮಾಡಿಸಿಕೊಳ್ಳಬೇಕು. ಬಿ ಇಲ್ಲವೆಂದು ತಿಳಿದವರಿಗೆ ಲಸಿಕೆಯ ಮೂರು ಡೋಸು ಇಂದಿಗೂ ತಡವಲ್ಲ.